ನಾಲ್ಕನೇ ದಿನಕ್ಕೇ ಐದು ಸ್ಟಾರ್

ದಸರಾ, ದೀಪಾವಳಿಯ ಆನ್‌ಲೈನ್ ಸೇಲ್‌ಗಳು ಮುಗಿದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಅಂಗಡಿಗೆ ಒಂದೇ ಬಗೆಯ ದೂರು ಹೊತ್ತು ಜನ ಬರತೊಡಗುತ್ತಾರೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವೀಸ್ ಮಾಡಿಕೊಂಡಿರುವವನು ನಾನು. ಬರುವವರು ಸ್ಟುಡಿಯೊದವರು, ಅಡಿಕೆ ಮಂಡಿಯ ಲೆಕ್ಕ ಬರೆಯುವವರು, ಶಂಕರಘಟ್ಟದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರು. ಕೈಯಲ್ಲೊಂದು ಹೊಸ ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಇರುತ್ತದೆ. “ಫೋಲ್ಡರ್ ಕಾಣುತ್ತೆ ಸಾರ್, ಫೋಟೊ ಮಾತ್ರ ಓಪನ್ ಆಗ್ತಾ ಇಲ್ಲ” ಅನ್ನುತ್ತಾರೆ. ಹಿಂದೆಯೇ ಇನ್ನೊಂದು ಮಾತು ಬರುತ್ತದೆ: “ರಿವ್ಯೂ ನೋಡಿಯೇ ತಗೊಂಡಿದ್ದು ಸಾರ್.”

ಆನ್‌ಲೈನ್ ವ್ಯಾಪಾರದ ಮೇಲೆ ಅಂಗಡಿಯವನಿಗೆ ಹೊಟ್ಟೆಯುರಿ ಎಂದು ಯಾರೂ ತಿಳಿಯಬೇಕಾಗಿಲ್ಲ. ನಾನೂ ಎಷ್ಟೋ ಡಿಸ್ಕ್‌ಗಳನ್ನು ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನ ದರಕ್ಕಿಂತ ಕೆಲವು ಸಲ ಅಲ್ಲೇ ಅಗ್ಗ. ಗಿರಾಕಿಗಳು ರಿವ್ಯೂ ಓದುವುದೂ ಒಳ್ಳೆಯದೇ. ಆದರೆ ಮಿಕ್ಸಿಯ ರಿವ್ಯೂ ಓದಿದ ಹಾಗೆ ಡಿಸ್ಕಿನ ರಿವ್ಯೂ ಓದಿದರೆ ಮೋಸ ಹೋಗುತ್ತೀರಿ. ಮಿಕ್ಸಿ ಚೆನ್ನಾಗಿದೆಯೋ ಇಲ್ಲವೋ ಮೊದಲ ಚಟ್ನಿಗೇ ಗೊತ್ತಾಗುತ್ತದೆ. ಡಿಸ್ಕ್ ಮಾಡಬೇಕಾದ ಕೆಲಸ ಇಟ್ಟದ್ದನ್ನು ಮೂರು ವರ್ಷದ ಮೇಲೆ ವಾಪಸ್ ಕೊಡುವುದು. ಅದನ್ನು ಮೊದಲ ವಾರದಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ರಿವ್ಯೂ ಬರೆಯಿರಿ ಎಂಬ ಮೆಸೇಜ್ ಬರುವುದು ಮಾತ್ರ ಆ ಮೊದಲ ವಾರದಲ್ಲೇ.

ಸಾಗರದ ಕಡೆಯ ಒಬ್ಬ ಫೋಟೊಗ್ರಾಫರ್ ತಂದ ಡಬ್ಬಿಯ ವಿಷಯ ಹೇಳುತ್ತೇನೆ. ಮೇಲೆ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಎಂದು ಅಚ್ಚಾಗಿತ್ತು. ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿತ್ತಂತೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ವಿಂಡೋಸ್ ಕೂಡ ಭರ್ತಿ 16 ಟಿಬಿ ಎಂದೇ ತೋರಿಸುತ್ತದೆ. ಅವನ ಒಪ್ಪಿಗೆ ಪಡೆದು ಅವನೆದುರೇ ಕೇಸ್ ಬಿಚ್ಚಿದೆ. ಒಳಗಿದ್ದದ್ದು ಒಂದು ಸಣ್ಣ ಕಾರ್ಡ್ ರೀಡರ್ ಬೋರ್ಡು. ಅದರಲ್ಲಿ ಮೊಬೈಲಿಗೆ ಹಾಕುವಂಥ ಮೈಕ್ರೊ ಎಸ್‌ಡಿ ಕಾರ್ಡ್ ಸಿಕ್ಕಿಸಿ, ಅಲುಗಾಡದಂತೆ ಬಿಳಿ ಅಂಟು ಸುರಿದಿದ್ದರು. ಕಾರ್ಡಿನ ನಿಜವಾದ ಸಾಮರ್ಥ್ಯ 64 ಜಿಬಿ.

ಇಂಥ ಮಾಲಿನಲ್ಲಿ ಕಾರ್ಡಿನ ಫರ್ಮ್‌ವೇರ್ ತಿದ್ದಿರುತ್ತಾರೆ. ಐವತ್ತು ಚೀಲ ಹಿಡಿಯುವ ಗೋದಾಮಿನ ಮಾಲೀಕ ಸಾವಿರಾರು ಚೀಲಕ್ಕೆ ರಸೀದಿ ಹರಿದುಕೊಟ್ಟು, ಐವತ್ತೊಂದನೆಯ ಚೀಲದಿಂದ ಎಲ್ಲವನ್ನೂ ಹಿಂಬಾಗಿಲಿನಿಂದ ಹೊಳೆಗೆ ಸುರಿದಂತೆ ಅದರ ಕೆಲಸ. ಫೈಲಿನ ಹೆಸರು, ಅಳತೆ, ತಾರೀಕು ಬರೆದಿಡುವ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿರುವುದರಿಂದ ಹೆಸರುಗಳೆಲ್ಲ ಸರಿಯಾಗಿ ಕಾಣುತ್ತವೆ. ಒಳಗೆ ಏನೂ ಇರುವುದಿಲ್ಲ. ಆ ಫೋಟೊಗ್ರಾಫರ್ ಹುಡುಗ ಅದರಲ್ಲಿ ಹಾಕಿಟ್ಟಿದ್ದ ಮೊದಲ ಮದುವೆಯ ಫೋಟೊಗಳು ಇದ್ದವು. ಆಮೇಲಿನ ಎರಡು ಮದುವೆಗಳ ಹೆಸರು ಮಾತ್ರ ಇತ್ತು. ಅವನ ಕ್ಯಾಮೆರಾದ ಕಾರ್ಡ್‌ಗಳು ಅಷ್ಟರಲ್ಲಿ ಫಾರ್ಮ್ಯಾಟ್ ಆಗಿ, ಬೇರೆ ಕಾರ್ಯಕ್ರಮಗಳ ಶೂಟಿಂಗ್‌ಗೂ ಬಳಕೆಯಾಗಿದ್ದವು. “ರಿಕವರಿ ಆಗುತ್ತಾ ಅಣ್ಣ?” ಎಂದು ಕೇಳಿದ. ಅಳಿಸಿಹೋಗಿದ್ದರೆ ಹುಡುಕಬಹುದಿತ್ತು. ಡಿಸ್ಕಿನಲ್ಲಿ ಬರೆದೇ ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು.

ಅವನು ಕೊಂಡ ಪುಟವನ್ನು ಇಬ್ಬರೂ ಕೂತು ಓದಿದೆವು. ನಾಲ್ಕು ಸ್ಟಾರಿಗೂ ಮೇಲಿನ ಸರಾಸರಿ. ಎಲ್ಲ ರಿವ್ಯೂಗಳೂ ಬಾಡಿಗೆಯವು ಎಂದು ಅವನಿಗೆ ಅನ್ನಿಸಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. “ಡೆಲಿವರಿ ಬೇಗ ಬಂತು”, “ಪ್ಯಾಕಿಂಗ್ ಸೂಪರ್”, “ಜೇಬಿನಲ್ಲಿ ಹಿಡಿಯುತ್ತದೆ”, “ಕೊಟ್ಟ ದುಡ್ಡಿಗೆ ಒಳ್ಳೆ ಸ್ಪೇಸ್” ಎಂಬ ಧಾಟಿಯ ಮಾತುಗಳು. ಬರೆದವರಲ್ಲಿ ಬಹುಪಾಲು ಮಂದಿ ಪ್ರಾಮಾಣಿಕರೇ ಇರಬೇಕು. ಡಿಸ್ಕಿನಲ್ಲಿ ಹತ್ತಿಪ್ಪತ್ತು ಜಿಬಿ ಹಾಕಿದ್ದರು, ತೆಗೆದರೆ ಬಂದಿತ್ತು. ಅವರು ಕಂಡದ್ದು ಅಷ್ಟು, ಬರೆದದ್ದೂ ಅಷ್ಟು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಸುಳ್ಳು ರಿವ್ಯೂ ಹಿಡಿಯುವ ಯಂತ್ರವನ್ನು ಎಷ್ಟು ಚುರುಕುಗೊಳಿಸಿದರೂ ನಾಲ್ಕನೇ ದಿನ ಬರೆದ ನಿಜವಾದ ಐದು ಸ್ಟಾರ್ ಅದಕ್ಕೆ ಸಿಕ್ಕಿಬೀಳುವುದಿಲ್ಲ.

ಹಾಗಾಗಿ ಡಿಸ್ಕಿನ ಪುಟ ತೆರೆದಾಗ ನಾನು ಸರಾಸರಿಯನ್ನು ನೋಡುವುದೇ ಇಲ್ಲ. ರಿವ್ಯೂಗಳನ್ನು ‘ಹೊಸದು ಮೊದಲು’ ಎಂದು ಜೋಡಿಸಿಕೊಂಡು, ಬಳಸಿ ಆರು ತಿಂಗಳೋ ವರ್ಷವೋ ಆದಮೇಲೆ ಬರೆದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತೇನೆ. ‘ವಾರಂಟಿ’, ‘ಡೆಡ್’, ‘ನಾಟ್ ಡಿಟೆಕ್ಟೆಡ್’ ಎಂಬ ಪದಗಳನ್ನು ಹಾಕಿ ಹುಡುಕುತ್ತೇನೆ. ಒಂದು ಸ್ಟಾರಿನ ದೂರುಗಳನ್ನೂ ಸೋಸಬೇಕು. “1 ಟಿಬಿ ಅಂತ ಹೇಳಿ 931 ಜಿಬಿ ಕೊಟ್ಟಿದ್ದಾರೆ, ಮೋಸ” ಎಂಬ ದೂರು ಎಲ್ಲ ಒಳ್ಳೆಯ ಡಿಸ್ಕುಗಳ ಪುಟದಲ್ಲೂ ಇರುತ್ತದೆ. ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುವುದರಿಂದ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಪೆಟ್ಟಿಗೆ ಜಜ್ಜಿಹೋಗಿತ್ತು ಎಂಬುದು ಕೊರಿಯರ್‌ನವರ ಮೇಲಿನ ದೂರು. ಹದಿನಾಲ್ಕನೇ ತಿಂಗಳಲ್ಲಿ ಸತ್ತಿತು, ಸೀರಿಯಲ್ ನಂಬರ್ ಹಾಕಿದರೆ ಭಾರತದಲ್ಲಿ ವಾರಂಟಿಯೇ ಇಲ್ಲ ಎಂದು ಬಂತು ಎಂಬ ದೂರಿಗೆ ತೂಕವಿದೆ. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ಮಾಲನ್ನು ಇಲ್ಲಿಗೆ ತಂದು ಮಾರುವ ಕೆಲವರಿದ್ದಾರೆ. ಡಿಸ್ಕ್ ಅಸಲಿಯೇ ಆದರೂ ಇಲ್ಲಿನ ಸರ್ವೀಸ್ ಸೆಂಟರ್ ಅದನ್ನು ಮುಟ್ಟುವುದಿಲ್ಲ.

ಹೆಸರುವಾಸಿ ಬ್ರಾಂಡ್ ಆಯ್ದುಕೊಂಡ ಮಾತ್ರಕ್ಕೆ ಹಳೆಯ ರಿವ್ಯೂಗಳನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2021ರಲ್ಲಿ ಕ್ರೂಷಿಯಲ್ ಪಿ2 ಎಂಬ ಎಸ್‌ಎಸ್‌ಡಿಯ ಒಳಗಿನ ಫ್ಲ್ಯಾಶ್ ಚಿಪ್ಪನ್ನು ಕಂಪನಿ ಬದಲಿಸಿದ್ದನ್ನು ಟಾಮ್ಸ್ ಹಾರ್ಡ್‌ವೇರ್ ಎಂಬ ಅಮೆರಿಕದ ಪತ್ರಿಕೆ ಪತ್ತೆ ಮಾಡಿತು. ಮೊದಲು ಬಂದ ಡ್ರೈವ್‌ಗಳಲ್ಲಿ ಟಿಎಲ್‌ಸಿ ಚಿಪ್ ಇತ್ತು, ಆಮೇಲೆ ಬಂದವುಗಳಲ್ಲಿ ನಿಧಾನದ ಕ್ಯೂಎಲ್‌ಸಿ. ಹೆಸರು ಅದೇ, ರಿವ್ಯೂಗಳೂ ಅವೇ. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550 ಡ್ರೈವ್‌ನಲ್ಲೂ ಚಿಪ್ ಬದಲಾವಣೆ ಬೆಳಕಿಗೆ ಬಂದಾಗ, ಪ್ರಕಟಿಸಿದ ಗುಣಲಕ್ಷಣಗಳ ಮೇಲೆ ಪರಿಣಾಮ ಬೀರುವ ಬದಲಾವಣೆ ಮಾಡಿದರೆ ಇನ್ನು ಮುಂದೆ ಹೊಸ ಮಾಡೆಲ್ ನಂಬರನ್ನೇ ಕೊಡುತ್ತೇವೆ ಎಂದು ಕಂಪನಿ ಹೇಳಬೇಕಾಯಿತು. 2023ರಲ್ಲಿ ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಸಾಲಿನ ಕೆಲವು ಪೋರ್ಟಬಲ್ ಎಸ್‌ಎಸ್‌ಡಿಗಳು ಇದ್ದಕ್ಕಿದ್ದಂತೆ ಕೈಕೊಟ್ಟು ಜನ ಡೇಟಾ ಕಳೆದುಕೊಂಡರು. ಮೇ ತಿಂಗಳಲ್ಲಿ ಕೆಲವು ಮಾಡೆಲ್‌ಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಬಂತು, ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಈ ಗಲಾಟೆ ನಡೆದಿರುವಾಗಲೇ ಅದೇ ಸಾಲಿನ ಡ್ರೈವ್‌ಗಳು ಭಾರಿ ರಿಯಾಯಿತಿಯಲ್ಲಿ ಮಾರಾಟವಾಗುತ್ತಿದ್ದವು, ಸ್ಟಾರ್‌ಗಳೂ ಹೊಳೆಯುತ್ತಲೇ ಇದ್ದವು.

ಪುಟವೇ ಬೇರೆ ವಸ್ತುವಿನದ್ದಾಗಿರುವ ಸಂದರ್ಭವೂ ಉಂಟು. ಎಸ್‌ಎಸ್‌ಡಿಯ ರಿವ್ಯೂ ಓದುತ್ತಾ ಹಳೆಯದಕ್ಕೆ ಹೋದರೆ “ಕವರ್ ಫೋನಿಗೆ ಸರಿಯಾಗಿ ಕೂತಿತು” ಎಂದಿರುತ್ತದೆ. ಚೆನ್ನಾಗಿ ಮಾರಾಟವಾದ ಒಂದು ಅಗ್ಗದ ವಸ್ತುವಿನ ಪುಟಕ್ಕೆ ಹೊಸ ಮಾಲನ್ನು ಅಂಟಿಸಿ, ಹಳೆಯ ಸ್ಟಾರ್‌ಗಳನ್ನು ಅದರ ಖಾತೆಗೆ ಜಮಾ ಮಾಡಿಕೊಳ್ಳುವ ತಂತ್ರ ಇದು. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಕಾರಣಕ್ಕೆ ಬೌಂಟಿಫುಲ್ ಎಂಬ ವಿಟಮಿನ್ ಕಂಪನಿಯಿಂದ 6 ಲಕ್ಷ ಡಾಲರ್ ವಸೂಲಿ ಮಾಡಿತು. ಆದ್ದರಿಂದ ಅತ್ಯಂತ ಹಳೆಯ ರಿವ್ಯೂಗಳನ್ನೂ, ಗಿರಾಕಿಗಳು ಹಾಕಿದ ಫೋಟೊಗಳನ್ನೂ ಒಮ್ಮೆ ನೋಡಿ. 32 ಜಿಬಿ ಪೆನ್‌ಡ್ರೈವ್‌ನ ಫೋಟೊ 2 ಟಿಬಿ ಎಸ್‌ಎಸ್‌ಡಿಯ ಪುಟದಲ್ಲಿ ಕಂಡರೆ ಅಲ್ಲಿಂದ ಹೊರಡಿ.

ಇನ್ನು ರಿಯಾಯಿತಿಯ ವಿಚಾರ. ಡಿಸ್ಕಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಣ್ಣದ ಚೀಟಿ ಬರುವುದನ್ನು ನೀವು ನೋಡಿರಬಹುದು. ಐದು ಸ್ಟಾರ್ ಕೊಟ್ಟು, ಸ್ಕ್ರೀನ್‌ಶಾಟನ್ನು ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ, ನಿಮ್ಮ ಯುಪಿಐಗೆ ನೂರೋ ನೂರೈವತ್ತೋ ರೂಪಾಯಿ ಕ್ಯಾಶ್‌ಬ್ಯಾಕ್ ಬರುತ್ತದೆ ಎಂದು ಅದರಲ್ಲಿರುತ್ತದೆ. ಕೊಂಡವನಿಗೆ ಇದು ಪುಕ್ಕಟೆ ದುಡ್ಡಿನಂತೆ ಕಾಣುತ್ತದೆ. ಆ ನೂರೈವತ್ತು ರೂಪಾಯಿಯ ಬೆಲೆ ತೆರುವವನು ಮುಂದಿನ ಗಿರಾಕಿ, ಸಾಗರದ ಆ ಹುಡುಗನಂಥವನು. ಇಂಥ ಚೀಟಿ ಸಿಕ್ಕರೆ ಅದರ ಫೋಟೊ ತೆಗೆದು ರಿವ್ಯೂನಲ್ಲೇ ಹಾಕಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ. ‘ವೆರಿಫೈಡ್ ಪರ್ಚೇಸ್’ ಎಂಬ ಗುರುತನ್ನು ನಂಬಿ ಕೂರುವವರಿಗೂ ಈ ಚೀಟಿಯೇ ಉತ್ತರ. ಕೊಂಡದ್ದು ನಿಜ, ಸ್ಟಾರಿಗೆ ದುಡ್ಡು ಪಡೆದದ್ದೂ ನಿಜ.

ರಿಬೇಟ್ ಎಂಬ ಆಸೆ ತೋರಿಸಿ ಡಿಸ್ಕ್ ಮಾರುವ ಪದ್ಧತಿ ಹೊಸದೇನಲ್ಲ. ಅಮೆರಿಕದಲ್ಲಿ 1990ರ ಮತ್ತು 2000ದ ದಶಕಗಳಲ್ಲಿ ಪೆಟ್ಟಿಗೆಯ ಬಾರ್‌ಕೋಡ್ ಕತ್ತರಿಸಿ, ಬಿಲ್ಲಿನ ಜೊತೆ ಅಂಚೆಯಲ್ಲಿ ಕಳಿಸಿದರೆ ವಾರಗಟ್ಟಲೆ ಕಾದಮೇಲೆ ಚೆಕ್ ಬರುವ ವ್ಯವಸ್ಥೆಯಿತ್ತು. ಆ ಕಾಲದಲ್ಲಿ ಅಲ್ಲಿಗೆ ಹೋದ ನಮ್ಮ ಸಾಫ್ಟ್‌ವೇರ್ ಹುಡುಗರು ಕತ್ತರಿ ಹಿಡಿದು ಕೂತವರೇ. ಸಿಡಿ ಬರ್ನರ್, ಹಾರ್ಡ್ ಡ್ರೈವ್ ಮಾಡುತ್ತಿದ್ದ ಕ್ಯೂಪಿಎಸ್ ಎಂಬ ಕಂಪನಿ ಹೀಗೆ ಮಾತುಕೊಟ್ಟ ರಿಬೇಟ್‌ಗಳನ್ನು ಸಕಾಲಕ್ಕೆ ಕೊಡಲಿಲ್ಲ, ಕೊನೆಗೆ ದಿವಾಳಿಯಾಯಿತು. ಅದು ಹಣ ಕೊಡುತ್ತಿಲ್ಲ ಎಂದು ಗೊತ್ತಿದ್ದೂ ಕಂಪ್‌ಯುಎಸ್ಎ ಎಂಬ ದೊಡ್ಡ ಅಂಗಡಿ ಸರಣಿ ಆ ರಿಬೇಟ್‌ಗಳ ಜಾಹೀರಾತು ಮುಂದುವರಿಸಿತು ಎಂದು ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2005ರ ರಾಜಿಯಲ್ಲಿ ಗಿರಾಕಿಗಳಿಗೆ ಹಣ ಕೊಡಲು ಅಂಗಡಿಯೇ ಒಪ್ಪಬೇಕಾಯಿತು.

ನಮ್ಮಲ್ಲಿ ಬಾರ್‌ಕೋಡ್ ಕತ್ತರಿಸುವ ಕೆಲಸವಿಲ್ಲ. ಅದರ ಜಾಗದಲ್ಲಿ ಬ್ಯಾಂಕ್ ಆಫರ್, ವಾಲೆಟ್ ಕ್ಯಾಶ್‌ಬ್ಯಾಕ್, ನೋ ಕಾಸ್ಟ್ ಇಎಂಐ ಇವೆ. ನಾನು ಪಾಲಿಸುವ ಲೆಕ್ಕ ಸರಳ. ಬಿಲ್ಲಿನಲ್ಲೇ ಕಡಿತವಾದ ದುಡ್ಡು ಮಾತ್ರ ರಿಯಾಯಿತಿ. ತೊಂಬತ್ತು ದಿನದ ಮೇಲೆ ಬರುವ ಕ್ಯಾಶ್‌ಬ್ಯಾಕ್, ಅದೇ ಕಂಪನಿಯಲ್ಲಿ ಇನ್ನೊಂದು ಸಾಮಾನು ಕೊಂಡರೆ ಮಾತ್ರ ಖರ್ಚಾಗುವ ಪಾಯಿಂಟು, ಇವುಗಳ ಬೆಲೆ ನನ್ನ ಲೆಕ್ಕದಲ್ಲಿ ಸೊನ್ನೆ. ಬಂದರೆ ಬರಲಿ, ಅದನ್ನು ನೆಚ್ಚಿ ಎರಡು ಡಿಸ್ಕ್‌ಗಳ ಬೆಲೆ ಹೋಲಿಸುವುದಿಲ್ಲ. ಕೆಂಪು ಗೀಟು ಎಳೆದ ಎಂಆರ್‌ಪಿಯನ್ನೂ ನೋಡುವುದಿಲ್ಲ. ಎಂಆರ್‌ಪಿ ಮುದ್ರಿಸುವವರು ತಯಾರಕರು ಅಥವಾ ಆಮದುದಾರರು. 14,999 ಎಂದು ಮುದ್ರಿಸಿ 5,999ಕ್ಕೆ ಮಾರಿದರೆ ‘60 ಪರ್ಸೆಂಟ್ ಆಫ್’ ಆಗುತ್ತದೆ, ಆ ಡಿಸ್ಕ್ 14,999ಕ್ಕೆ ಒಂದು ದಿನವೂ ಮಾರಾಟವಾಗಿರದಿದ್ದರೂ. ಕೀಪಾದಂಥ ಬೆಲೆ ಚರಿತ್ರೆಯ ತಾಣದಲ್ಲಿ ಹಿಂದಿನ ತಿಂಗಳುಗಳ ದರ ನೋಡಿದರೆ ಸೇಲಿನ ಬಣ್ಣ ಬಯಲಾಗುತ್ತದೆ. 2025ರ ಕೊನೆಯ ಭಾಗದಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ದರ ಏರಿತು. ಎಲ್ಲೆಡೆ ಬೆಲೆ ಏರಿರುವಾಗ ಒಬ್ಬ ಮಾತ್ರ ಅರ್ಧ ಬೆಲೆಗೆ ಕೊಡುತ್ತಾನೆಂದರೆ ಮೊದಲು ಮಾರಾಟಗಾರನ ಹೆಸರು ಓದಿ.

ನೋ ಕಾಸ್ಟ್ ಇಎಂಐ ವಿಷಯದಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ಸೊನ್ನೆ ಬಡ್ಡಿಯ ಯೋಜನೆಗಳು ಬೇಡ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಮಾರುವವರು ಆ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಮಾತ್ರ ನಿಮ್ಮ ತಲೆಗೇ. 6,000 ರೂಪಾಯಿಯ ಡಿಸ್ಕು, ಆರು ಕಂತು, 16 ಪರ್ಸೆಂಟ್ ಬಡ್ಡಿ, 199 ರೂಪಾಯಿ ಪ್ರೊಸೆಸಿಂಗ್ ಫೀ ಎಂದಿಟ್ಟುಕೊಳ್ಳಿ. ಬಡ್ಡಿ 280ರ ಆಸುಪಾಸು, ಅದರ ಜಿಎಸ್‌ಟಿ ಸುಮಾರು 50, ಫೀ ಮತ್ತು ಅದರ ಜಿಎಸ್‌ಟಿ ಸೇರಿ 235. ‘ನೋ ಕಾಸ್ಟ್’ ಎಂದದ್ದಕ್ಕೆ 285 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಒಟ್ಟಿಗೆ ದುಡ್ಡು ಕೊಡಲಾಗದವರಿಗೆ ಆ 285 ಭಾರವಲ್ಲದಿರಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಖರ್ಚು ಎಂದು ಗೊತ್ತಿದ್ದು ಕೊಡಬೇಕು.

ಇದರ ನಡುವೆ ನಿಜವಾದ ಉಳಿತಾಯವೊಂದನ್ನು ನಮ್ಮ ಊರಿನ ಸ್ಟುಡಿಯೊದವರು, ವ್ಯಾಪಾರಿಗಳು ಕೈಬಿಡುತ್ತಿರುತ್ತಾರೆ. ನಿಮಗೆ ಜಿಎಸ್‌ಟಿ ನೋಂದಣಿಯಿದ್ದು, ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದಿದ್ದರೆ, ವ್ಯವಹಾರಕ್ಕೆಂದು ಕೊಂಡ ಡಿಸ್ಕಿನ ಮೇಲಿನ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. 6,000 ರೂಪಾಯಿಯ ಬಿಲ್ಲಿನಲ್ಲಿ 915 ರೂಪಾಯಿ ತೆರಿಗೆಯೇ ಇರುತ್ತದೆ. ಆರ್ಡರ್ ಮಾಡುವಾಗ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ಬಿಲ್ ತರಿಸಿದರೆ ಆಯಿತು. ನೂರು ರೂಪಾಯಿ ಕೂಪನ್ನಿಗೆ ಅರ್ಧ ಗಂಟೆ ಹುಡುಕುವವರು ಈ ಒಂದು ಖಾನೆಯನ್ನು ಖಾಲಿ ಬಿಡುತ್ತಾರೆ. ಜಿಎಸ್‌ಟಿ ಬಿಲ್ ಕೊಡದ ಮಾರಾಟಗಾರನಿಂದ ಕೊಳ್ಳುವುದೇ ಬೇಡ. ಮುಂದೆ ವಾರಂಟಿ ಕೇಳಲು ಹೋದಾಗಲೂ ಕೈಯಲ್ಲಿರಬೇಕಾದ ಕಾಗದ ಅದೇ.

ಡಿಸ್ಕ್ ಮನೆಗೆ ಬಂದ ದಿನ ಇನ್ನೊಂದು ಕೆಲಸವಿದೆ. ರಿಟರ್ನ್ ಮಾಡಲು ಏಳೋ ಹತ್ತೋ ದಿನ ಕೊಟ್ಟಿರುತ್ತಾರೆ. ರಿವ್ಯೂ ಬರೆಯುವ ಮೊದಲು ಆ ಅವಧಿಯಲ್ಲಿ ಡಿಸ್ಕನ್ನು ಪೂರ್ತಿ ತುಂಬಿಸಿ ನೋಡಬೇಕು. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3. ಡಿಸ್ಕಿನ ಕೊನೆಯವರೆಗೂ ಬರೆದು, ಬರೆದದ್ದನ್ನು ಓದಿ ತಾಳೆ ನೋಡುತ್ತವೆ. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಹಾರ್ಡ್ ಡಿಸ್ಕ್ ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದು ಈಗಾಗಲೇ ಎಷ್ಟು ಗಂಟೆ ಓಡಿದೆ ಎಂದು ನೋಡಿ. ಆ ಅಂಕಿಯನ್ನೂ ತಿದ್ದುವವರಿದ್ದಾರೆ. 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಪತ್ರಿಕೆ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳು ಲೆಕ್ಕ ಸೊನ್ನೆ ಮಾಡಿಸಿಕೊಂಡು ಹೊಸತೆಂದು ಮಾರಾಟವಾಗಿದ್ದನ್ನು ಬಯಲಿಗೆಳೆಯಿತು. ಡಿಸ್ಕಿನೊಳಗಿನ ಫಾರ್ಮ್ ಎಂಬ ಇನ್ನೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದಿದ್ದರಿಂದ ಸಿಕ್ಕಿಬಿದ್ದವು. ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿಯ ದೇಶ, ತಾರೀಕು ನೋಡುವುದು ಎರಡು ನಿಮಿಷದ ಕೆಲಸ. ವಾರಂಟಿ ಮೂರು ವರ್ಷವಿರಲಿ, ಐದು ವರ್ಷವಿರಲಿ, ಅವರು ಕೊಡುವುದು ಬದಲಿ ಡಿಸ್ಕನ್ನು. ಒಳಗಿನ ಫೋಟೊ, ಪ್ರಬಂಧ, ಲೆಕ್ಕಪತ್ರ ಯಾವ ವಾರಂಟಿಯಲ್ಲೂ ಸೇರಿಲ್ಲ, ಅದಕ್ಕೆ ಇನ್ನೊಂದು ಕಾಪಿಯೇ ಗತಿ.

ಗಿರಾಕಿ ಇಷ್ಟೆಲ್ಲ ಕಲಿಯಬೇಕೇ ಎಂದು ಕೇಳಿದರೆ, ಕಲಿಯಬೇಕಾಗಿ ಬಂದಿರುವುದೇ ತಪ್ಪು ಎನ್ನುತ್ತೇನೆ. ಮಾರಾಟಗಾರ ತಾನೇ ಗ್ರಾಹಕನೆಂದು ನಟಿಸಿ ರಿವ್ಯೂ ಹಾಕಬಾರದು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಆನ್‌ಲೈನ್ ರಿವ್ಯೂಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸುವುದು ಹೇಗೆಂದು ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನಕವನ್ನೂ ತಂದಿತು. ತಂದಾಗ ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಇಂಥದ್ದನ್ನು ಇಚ್ಛೆಗೆ ಬಿಡಬಾರದು, ಕಡ್ಡಾಯ ಮಾಡಬೇಕು. ಅಮೆರಿಕ 2024ರಲ್ಲಿ ಸುಳ್ಳು ರಿವ್ಯೂ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿ, ದಂಡ ವಿಧಿಸಬಹುದಾದ ನಿಯಮವನ್ನೇ ಮಾಡಿದೆ. ನಕಲಿ ಡಿಸ್ಕ್ ಬಂದವರು ಸುಮ್ಮನೆ ರಿಟರ್ನ್ ಮಾಡಿ ಕೈತೊಳೆದುಕೊಳ್ಳದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ಲಿನ ಸಮೇತ ದೂರು ಕೊಡಬೇಕು. ದೂರು ದಾಖಲಾಗದೆ ಇದ್ದರೆ ಅದೇ ಮಾಲು ಬೇರೆ ಹೆಸರಿನಲ್ಲಿ ಮರುವಾರ ಮತ್ತೆ ಬಂದು ಕೂರುತ್ತದೆ.

ಕಡ್ಡಾಯ ಮಾಡುವಾಗ ಒಂದು ಅಂಶ ಸೇರಿಸಲೇಬೇಕೆಂಬುದು ನನ್ನ ಒತ್ತಾಯ. ಡಿಸ್ಕ್, ಬ್ಯಾಟರಿ, ಇನ್ವರ್ಟರ್‌ನಂಥ ವರ್ಷಗಟ್ಟಲೆ ಬಾಳಬೇಕಾದ ವಸ್ತುಗಳನ್ನು ಕೊಂಡವರನ್ನು ಒಂದು ವರ್ಷದ ಮೇಲೆ ಇನ್ನೊಮ್ಮೆ ಕೇಳಬೇಕು: ಇನ್ನೂ ಕೆಲಸ ಮಾಡುತ್ತಿದೆಯೇ, ವಾರಂಟಿಗೆ ಹೋದಿರಾ, ಏನಾಯಿತು? ಆ ಉತ್ತರಗಳನ್ನು ಮೊದಲ ವಾರದ ಸ್ಟಾರ್‌ಗಳ ಜೊತೆ ಬೆರೆಸದೆ ಬೇರೆಯಾಗಿ ತೋರಿಸಬೇಕು. ಡಿಸ್ಕಿನ ಬಾಳಿಕೆ ಲೆಕ್ಕಕ್ಕೆ ಸಿಗದ ವಿಷಯವೇನೂ ಅಲ್ಲ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಡೇಟಾ ಸೆಂಟರಿನ ಮೂರು ಲಕ್ಷದಷ್ಟು ಡಿಸ್ಕ್‌ಗಳಲ್ಲಿ ಯಾವ ಮಾಡೆಲ್ ಎಷ್ಟು ಕೆಟ್ಟಿತು ಎಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2024ರಲ್ಲಿ ಕೆಟ್ಟ ಪ್ರಮಾಣ ನೂರಕ್ಕೆ 1.57. ಮಾಡೆಲ್‌ನಿಂದ ಮಾಡೆಲ್‌ಗೆ ಈ ಪ್ರಮಾಣದಲ್ಲಿ ಎಷ್ಟು ಅಂತರವಿದೆ ಎಂಬುದು ಆ ಪಟ್ಟಿಯಲ್ಲಿ ಎದ್ದುಕಾಣುತ್ತದೆ. ನಮ್ಮ ದೊಡ್ಡ ಆನ್‌ಲೈನ್ ಕಂಪನಿಗಳ ಬಳಿ ಯಾರು, ಯಾವ ಮಾಡೆಲನ್ನು, ಯಾವತ್ತು ಕೊಂಡರು ಎಂಬುದೆಲ್ಲ ಇದೆ, ಅವರ ಫೋನ್ ನಂಬರೂ ಇದೆ. ನಾಲ್ಕನೇ ದಿನ ತಪ್ಪದೆ ಮೆಸೇಜ್ ಕಳಿಸುವವರಿಗೆ ಹನ್ನೆರಡನೇ ತಿಂಗಳಲ್ಲಿ ಇನ್ನೊಂದು ಕಳಿಸುವುದು ಕಷ್ಟವಲ್ಲ, ಐಎಸ್ 19000ದಲ್ಲಿ ಅದಕ್ಕೊಂದು ಕಲಮು ಸೇರಿಸುವುದೂ ಕಷ್ಟವಲ್ಲ.